ಮೂವರು ಅಸಿಸ್ಟೆಂಟ್ ಕೋಚ್ ಇದ್ದಾರೆ, ಆದರೂ ಎಲ್ಲ ನನ್ನ ತಲೆ ಮೇಲೆ. ತಪ್ಪು ಯಾರದ್ದು?

ಎಡಗಾಲಿನವ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನಲ್ಲಿ ಹೆಡ್ ಕೋಚ್ ಆಗಿದ್ದೇನೆ, ಇದು ಎರಡನೇ ಸೀಸನ್. ಸಿ ಡಿವಿಷನ್ ಟೀಂ ಒಂದು, ಅಂಡರ್ 15 ಹುಡುಗರ ಬ್ಯಾಚ್ ಒಂದು. ಕ್ಲಬ್ಬಿನ ಹೆಸರು ಬೇಡ ಬಿಡಿ, ಇಲ್ಲಿ ಓದುವವರಲ್ಲಿ ಅರ್ಧ ಜನ ನಮ್ಮ ಗ್ರೌಂಡಿನಲ್ಲೇ ಆಡಿದವರು.

ಮೊದಲ ಸೀಸನ್ ನಾನೊಬ್ಬನೇ. ಬೆಳಿಗ್ಗೆ ಐದೂವರೆಗೆ ಸ್ಕೂಟರಿನ ಮುಂದೆ ಬಾಲ್ ಚೀಲ ಇಟ್ಟುಕೊಂಡು, ಕಾಲು ಎರಡೂ ಆಚೆ ಚಾಚಿಕೊಂಡು ಹೋಗುತ್ತಿದ್ದೆ. ಕೋನ್ ಇಡುವುದು, ಗೋಲ್‌ಕೀಪರ್‌ಗೆ ಶಾಟ್ ಹೊಡೆಯುವುದು, ಯಾರಿಗಾದರೂ ಕಾಲು ಉಳುಕಿದರೆ ಐಸ್ ಹುಡುಕುವುದು, ಅಪ್ಪ ಅಮ್ಮಂದಿರ ಫೋನ್ ಎತ್ತುವುದು, ಎಲ್ಲ ನಾನೇ. ಈ ವರ್ಷ ಕ್ಲಬ್ಬಿನವರು ಮೂವರು ಅಸಿಸ್ಟೆಂಟ್‌ಗಳನ್ನು ಕೊಟ್ಟರು. ಒಬ್ಬರು ಗೋಲ್‌ಕೀಪರ್ ಕೋಚ್, ವಯಸ್ಸು 58, ಒಂದು ಕಾಲದಲ್ಲಿ ಫ್ಯಾಕ್ಟರಿ ಟೀಮಿಗೆ ಆಡಿದವರು, ಹುಡುಗರಿಗೂ ನನಗೂ ಅವರು ಅಂಕಲ್. ಇನ್ನೊಬ್ಬ 26ರ ಹುಡುಗ, ಕೋಚಿಂಗಿನ ಸಿ ಲೈಸೆನ್ಸ್ ಮುಗಿಸಿದ್ದಾನೆ, ಲ್ಯಾಪ್‌ಟಾಪ್ ಬಿಟ್ಟು ಒಂದು ಹೆಜ್ಜೆ ಇಡುವುದಿಲ್ಲ. ಮೂರನೆಯವರು ಸ್ಕೂಲಿನ ಪಿಟಿ ಮೇಷ್ಟ್ರು, ಫಿಟ್‌ನೆಸ್ ನೋಡಿಕೊಳ್ಳಲಿ ಅಂತ.

ನನ್ನ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ, ಜಾಸ್ತಿಯಾಯಿತು. ಈಗಲೂ ರಾತ್ರಿ ಹನ್ನೊಂದಕ್ಕೆ ಮಾರನೇ ದಿನದ ಸೆಷನ್ ಬರೆದು ವಾಟ್ಸಾಪಿಗೆ ಹಾಕುವುದು ನಾನು. ಬೆಳಿಗ್ಗೆ ಅವರು ಬರುತ್ತಾರೆ, ನಾನು ಹೇಳಿದಲ್ಲಿ ಕೋನ್ ಇಡುತ್ತಾರೆ, ಬಿಬ್ ಹಂಚುತ್ತಾರೆ, ಕೈ ಕಟ್ಟಿ ನಿಲ್ಲುತ್ತಾರೆ. ನನಗೂ ಒಳಗೊಳಗೆ ಅದೇ ಸಮಾಧಾನ ಅಂತ ಈಗ ಅನ್ನಿಸುತ್ತಿದೆ. ಯಾರಾದರೂ ಡ್ರಿಲ್ ಮಾಡಿಸಲು ಶುರು ಮಾಡಿದರೆ ಎರಡು ನಿಮಿಷ ಸುಮ್ನೆ ಇರುತ್ತೇನೆ, ಮೂರನೇ ನಿಮಿಷಕ್ಕೆ ಮಧ್ಯೆ ಬಾಯಿ ಹಾಕುತ್ತೇನೆ.

ಹೋದ ಭಾನುವಾರದ ವಿಷಯ ಕೇಳಿ. ಬುಧವಾರ ನಾನು ಬ್ಯಾಂಕ್ ಕೆಲಸಕ್ಕೆ ಹೋಗಿದ್ದೆ, ಪ್ರ್ಯಾಕ್ಟೀಸ್ ಆ ಲ್ಯಾಪ್‌ಟಾಪ್ ಹುಡುಗ ಮಾಡಿಸಿದ. ಎದುರಾಳಿಯ ಕಾರ್ನರ್ ಬಂದಾಗ ಒಬ್ಬೊಬ್ಬರು ಒಂದೊಂದು ಜಾಗ ಕಾಯುವ ಪದ್ಧತಿ ಹೇಳಿಕೊಟ್ಟಿದ್ದಾನೆ. ನನಗೆ ಗೊತ್ತೇ ಇಲ್ಲ. ಮ್ಯಾಚಿನಲ್ಲಿ ಕಾರ್ನರ್ ಬಂತು, ನಾನು ಲೈನಿನಿಂದ "ಆಳು ಹಿಡಿಯೋ, ಆಳು ಹಿಡಿ" ಅಂತ ಕಿರುಚಿದೆ. ಅವನು ನನ್ನ ಪಕ್ಕದಲ್ಲೇ ನಿಂತು "ಜಾಗ ಬಿಡಬೇಡ" ಅಂತ ಕಿರುಚಿದ. ಅಂಕಲ್ ಕೀಪರ್‌ಗೆ "ಮುಂದೆ ಬಾ" ಅಂದರು. ನಮ್ಮ ಲೆಫ್ಟ್ ಬ್ಯಾಕ್ ಹುಡುಗ ಆರು ಗಜದ ಪೆಟ್ಟಿಗೆಯಲ್ಲಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ಬೆಂಚ್ ಕಡೆ ತಿರುಗಿ ನೋಡುತ್ತಿದ್ದಾನೆ, ಬಾಲ್ ಅವನ ತಲೆ ಮೇಲಿಂದ ಹೋಗಿ ಗೋಲ್ ಆಯಿತು. 1-2ರಲ್ಲಿ ಸೋತೆವು. ಡ್ರೆಸ್ಸಿಂಗ್ ರೂಮಿನಲ್ಲಿ ಆ ಲೆಫ್ಟ್ ಬ್ಯಾಕ್ ಬೂಟಿನ ಲೇಸ್ ಬಿಚ್ಚುತ್ತಾ, ತಲೆ ಎತ್ತದೆ, "ಸಾರ್, ಯಾರ್ ಮಾತು ಕೇಳ್ಲಿ?" ಅಂದ.

ಅದೇ ರಾತ್ರಿ ಅಸಿಸ್ಟೆಂಟ್ ಹುಡುಗನ ಮೆಸೇಜ್ ಬಂತು. ಇಲ್ಲಿ ನನ್ನ ಕೆಲಸ ಏನು ಅಂತ ನನಗೇ ಗೊತ್ತಾಗುತ್ತಿಲ್ಲ ಸಾರ್, ಅಂತ.

ಏನು ಮಾಡಲಿ? ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು? ಅವರು ತಪ್ಪು ಮಾಡುತ್ತಿರುವುದು ಕಣ್ಣೆದುರಿಗೇ ಕಂಡರೆ ಆಗಲೇ ತಡೆಯಬೇಕಾ, ಸುಮ್ಮನಿರಬೇಕಾ? ಮತ್ತೆ ಅಂಕಲ್‌ಗೆ ನಾನು ಹೇಗೆ ಕೆಲಸ ಹೇಳಲಿ, ಅವರು ಆಡುತ್ತಿದ್ದಾಗ ನಾನಿನ್ನೂ ಹುಟ್ಟಿರಲಿಲ್ಲ.


ಹಳೇ ಸ್ಟಾಪರ್:

ಆ ಹುಡುಗ ಮೆಸೇಜ್ ಹಾಕಿದನಲ್ಲ, ನಿಮ್ಮ ಪುಣ್ಯ. ಎಷ್ಟೋ ಜನ ಮೆಸೇಜ್ ಹಾಕುವುದಿಲ್ಲ, ಒಂದು ಸೋಮವಾರದಿಂದ ಬರುವುದನ್ನೇ ನಿಲ್ಲಿಸುತ್ತಾರೆ.

ನಾನು ಆಫೀಸ್ ಟೀಮಿಗೆ ಆಡಿ, ಆಮೇಲೆ ಅದೇ ಟೀಮಿಗೆ ಹದಿನಾರು ವರ್ಷ ಕೋಚ್ ಆಗಿದ್ದವನು. ನಿಮ್ಮ ಕಥೆ ಓದಿದಾಗ ಮೊದಲು ನೆನಪಾದದ್ದು ಅಲೆಕ್ಸ್ ಫರ್ಗ್ಯುಸನ್. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬರುವುದಕ್ಕೆ ಮುಂಚೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದಾಗ ಅವರದ್ದೂ ಇದೇ ಕಥೆ. ಟ್ರೇನಿಂಗ್ ಪೂರ್ತಿ ತಾವೇ ಮಾಡಿಸುತ್ತಿದ್ದರು. ಒಂದು ದಿನ ಟೀ ಕುಡಿಯುತ್ತಾ ಕೂತಿದ್ದಾಗ ಅಸಿಸ್ಟೆಂಟ್, ನನ್ನನ್ನು ಯಾಕೆ ಕರೆಸಿಕೊಂಡಿರಿ, ನನಗಿಲ್ಲಿ ಏನೂ ಕೆಲಸವೇ ಇಲ್ಲ ಅಂತ ಮುಖಕ್ಕೇ ಕೇಳಿದರಂತೆ. ಅಲ್ಲೇ ಕೂತಿದ್ದ ಇನ್ನೊಬ್ಬ ಕೋಚೂ ಅವರ ಪರ ಮಾತಾಡಿದರು. ಫರ್ಗ್ಯುಸನ್ ಮೊದಲು ಒಪ್ಪಲಿಲ್ಲ. ನಾಲ್ಕು ದಿನ ತಲೆಯಲ್ಲಿ ಇಟ್ಟುಕೊಂಡು ತಿರುಗಿ, ಆಮೇಲೆ ನೋಡೋಣ ಅಂತ ಟ್ರೇನಿಂಗ್ ಬಿಟ್ಟುಕೊಟ್ಟರು. ತಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಅಂತ ಅವರೇ ನಿವೃತ್ತಿಯಾದ ಮೇಲೆ ಹೇಳಿಕೊಂಡಿದ್ದಾರೆ. ಯಾಕೆ ಅಂದರೆ ವಿಸಲ್ ಹಿಡಿದುಕೊಂಡು ಮಧ್ಯೆ ನಿಂತವನಿಗೆ ಬಾಲ್ ಮಾತ್ರ ಕಾಣುತ್ತದೆ. ಪಕ್ಕಕ್ಕೆ ಬಂದು ನಿಂತರೆ ಯಾವ ಹುಡುಗ ಇವತ್ತು ಮಂಕಾಗಿದ್ದಾನೆ, ಯಾವನು ಕಾಲು ಎಳೆದುಕೊಂಡು ಓಡುತ್ತಿದ್ದಾನೆ, ಯಾವನು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾನೆ, ಎಲ್ಲ ಕಾಣುತ್ತದೆ. ಆಮೇಲೆ ಯುನೈಟೆಡ್‌ನಲ್ಲಿ 1986ರಿಂದ 2013ರವರೆಗೆ ಅಸಿಸ್ಟೆಂಟ್‌ಗಳು ಬದಲಾಗುತ್ತಲೇ ಇದ್ದರು. ನಾಕ್ಸ್, ಕಿಡ್, ಮ್ಯಾಕ್ಲಾರೆನ್, ಕೇರೋಶ್, ಫೀಲನ್. 1999ರಲ್ಲಿ ಮೂರು ಕಪ್ ಗೆದ್ದ ಸೀಸನ್ ಇದೆಯಲ್ಲ, ಅದರ ನಡುವೆಯೇ ಕಿಡ್ ಹೋಗಿ ಮ್ಯಾಕ್ಲಾರೆನ್ ಬಂದದ್ದು. ಬಂಡಿ ನಿಲ್ಲಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಅವರಿಗೆ ಕೊಟ್ಟಿರುವುದು ಚಿಲ್ಲರೆ ಕೆಲಸ. ಕೋನ್ ಇಡು, ಬಾಲ್ ತಾ. ಅದರಲ್ಲಿ ತಲೆ ಓಡಿಸುವುದು ಏನೂ ಇಲ್ಲ. ಕೊಟ್ಟರೆ ಒಂದು ಇಡೀ ವಿಷಯ ಕೊಡಿ. ಕಾರ್ನರ್ ನಿನ್ನದು, ಫ್ರೀ ಕಿಕ್ ನಿನ್ನದು, ಯಾರು ಎಲ್ಲಿ ನಿಲ್ಲಬೇಕು ನೀನೇ ಹೇಳು, ಆದರೆ ಗುರುವಾರದೊಳಗೆ ನನಗೆ ತೋರಿಸು. ತೋರಿಸಿದ ದಿನ ನೀವು ಎಷ್ಟು ಬೇಕಾದರೂ ಜಗಳ ಆಡಿ. ಒಪ್ಪಿಕೊಂಡ ಮೇಲೆ ಭಾನುವಾರ ಅದು ನಿಮ್ಮದೂ ಹೌದು. ಸೋತರೆ "ಅವನು ಹೇಳಿಕೊಟ್ಟದ್ದು" ಅಂತ ಬಾಯಿ ಬಿಡಬಾರದು.

ಬಿಟ್ಟುಕೊಡಬಾರದ್ದೂ ಇದೆ. ಹನ್ನೊಂದು ಜನ ಯಾರು, ಯಾರನ್ನು ಸಬ್ ಮಾಡಬೇಕು, ಶಿಸ್ತು, ಕ್ಲಬ್ಬಿನ ಪ್ರೆಸಿಡೆಂಟ್ ಮತ್ತು ಪೋಷಕರ ಜೊತೆ ಮಾತು, ಇವು ನಿಮ್ಮವು. ಆಟಗಾರನನ್ನು ಕೈಬಿಟ್ಟ ವಿಷಯ ಅಸಿಸ್ಟೆಂಟ್ ಬಾಯಿಂದ ಹೇಳಿಸುವ ಕೋಚ್‌ಗಳಿದ್ದಾರೆ. ಅದಕ್ಕೆ ಕೆಲಸ ಹಂಚುವುದು ಅನ್ನುವುದಿಲ್ಲ, ಬಚ್ಚಿಟ್ಟುಕೊಳ್ಳುವುದು ಅನ್ನುತ್ತಾರೆ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಒಮ್ಮೆ ಒಬ್ಬ ಅಸಿಸ್ಟೆಂಟ್‌ಗೆ ಸೆಷನ್ ಕೊಟ್ಟು, ಇಪ್ಪತ್ತು ನಿಮಿಷಕ್ಕೆ ತಾಳ್ಮೆ ಕಳೆದುಕೊಂಡು, ಎಲ್ಲರ ಮುಂದೆ "ಬಿಡು ನಾನೇ ಮಾಡಿಸುತ್ತೇನೆ" ಅಂತ ವಿಸಲ್ ಇಸಿದುಕೊಂಡೆ. ಆಮೇಲೆ ಎರಡು ವರ್ಷ ಅವನು ನನ್ನ ಜೊತೆ ಇದ್ದ. ಒಂದೇ ಒಂದು ಸಲ ತಾನಾಗಿ ಬಾಯಿ ಬಿಡಲಿಲ್ಲ. ಕೇಳಿದ್ದಕ್ಕೆಲ್ಲ "ಹೂಂ ಸಾರ್" ಅಷ್ಟೇ. ಯಾರಿಗಾದರೂ ಪೆಟ್ಟಾಗುವ ಹಾಗಿದ್ದರೆ ಅಲ್ಲೇ ತಡೆಯಿರಿ, ಇಲ್ಲದಿದ್ದರೆ ನೀರು ಕುಡಿಯುವ ಬ್ರೇಕ್ ಬರುವವರೆಗೆ ನಾಲಿಗೆ ಕಚ್ಚಿಕೊಂಡಿರಿ.

ಅಂಕಲ್ ವಿಷಯ ತುಂಬಾ ಸುಲಭ. ಕೆಲಸ ಹೇಳಬೇಡಿ, ಪ್ರಶ್ನೆ ಕೇಳಿ. "ಅಂಕಲ್, ಭಾನುವಾರ ಗೋಲಿನಲ್ಲಿ ಯಾರನ್ನ ನಿಲ್ಲಿಸೋಣ?" ಅಂತ ಕೇಳಿ ನೋಡಿ. ಆದರೆ ಕೇಳಿದ ಮೇಲೆ ನಾಲ್ಕರಲ್ಲಿ ಮೂರು ಸಲವಾದರೂ ಅವರು ಹೇಳಿದ್ದನ್ನು ನಡೆಸಬೇಕು. ಇಲ್ಲದಿದ್ದರೆ ನಾಟಕ ಅಂತ ಒಂದೇ ವಾರದಲ್ಲಿ ಹಿಡಿಯುತ್ತಾರೆ, ಫ್ಯಾಕ್ಟರಿ ಯೂನಿಯನ್ ನೋಡಿದವರು ಅವರು.


ಮಿಡ್‌ಫೀಲ್ಡ್ ಮಾರಾಯ:

ನಿಮ್ಮದು ಎಷ್ಟೋ ವಾಸಿ ಸ್ವಾಮಿ. ನಮ್ಮ ಕ್ಲಬ್ಬಿನಲ್ಲಿ ಹೆಡ್ ಕೋಚ್ ಮೇಲೆ ಪ್ರೆಸಿಡೆಂಟ್, ಪ್ರೆಸಿಡೆಂಟ್ ಮೇಲೆ ಅವರ ಬಾಮೈದ. ಲೈನ್ ಅಪ್ ಬರುವುದು ಬಾಮೈದನ ಫೋನಿನಿಂದ, ಅದೂ ಶನಿವಾರ ರಾತ್ರಿ, ಎರಡು ಪೆಗ್ ಆದಮೇಲೆ.


ಟೆಕ್ಸಾಸ್ ತಿಂಡಿಪೋತ:

ನಾನು ಹೇಳುವುದು ಬೇರೆ ಫುಟ್‌ಬಾಲ್, ಬೈಯಬೇಡಿ. ಹದಿನಾಲ್ಕು ವರ್ಷದಿಂದ ಡಲ್ಲಾಸ್ ಹತ್ತಿರ ಇದ್ದೇನೆ, ಮಗ ಇಲ್ಲಿನ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಕಾಲಲ್ಲಿ ಒದೆಯುವುದು ಕಡಿಮೆ, ಕೈಯಲ್ಲಿ ಹಿಡಿದು ಓಡುವುದು, ಗುದ್ದುವುದು ಜಾಸ್ತಿ. ಶುಕ್ರವಾರ ರಾತ್ರಿ ಮ್ಯಾಚ್ ಅಂದರೆ ಊರಿಗೆ ಊರೇ ಜಾತ್ರೆ. ಆದರೆ ಹೆಡ್ ಕೋಚ್ ಕೆಲಸ ಹಂಚುವುದು ಹೇಗೆ ಅನ್ನುವುದನ್ನು ನಾನು ಎಲ್ಲಾದರೂ ಕಣ್ಣಾರೆ ನೋಡಿದ್ದೇನೆ ಅಂದರೆ ಇಲ್ಲೇ.

ಈ ಆಟದಲ್ಲಿ ಮುನ್ನುಗ್ಗುವವರ ಹನ್ನೊಂದು ಬೇರೆ, ತಡೆಯುವವರ ಹನ್ನೊಂದು ಬೇರೆ. ಅದಕ್ಕೇ ಹೆಡ್ ಕೋಚ್ ಕೆಳಗೆ ಎರಡಕ್ಕೂ ಒಬ್ಬೊಬ್ಬ ಕೋಆರ್ಡಿನೇಟರ್ ಇರುತ್ತಾರೆ, ಅವರ ಕೆಳಗೆ ಒಂದೊಂದು ಜಾಗದ ಆಟಗಾರರಿಗೆ ಒಬ್ಬೊಬ್ಬ ಕೋಚ್. ಟೆಕ್ಸಾಸಿನ ಸರ್ಕಾರಿ ಶಾಲೆಗಳಲ್ಲಿ ಇವರಲ್ಲಿ ಮುಕ್ಕಾಲು ಪಾಲು ಜನ ಪಾಠ ಮಾಡುವ ಮೇಷ್ಟ್ರುಗಳೇ. ನನ್ನ ಮಗನ ಡಿಫೆನ್ಸ್ ಕೋಚ್ ಬೆಳಿಗ್ಗೆ ಅವನಿಗೇ ಆಲ್ಜೀಬ್ರಾ ಹೇಳಿಕೊಡುತ್ತಾರೆ. ನಿಮ್ಮ ಪಿಟಿ ಮೇಷ್ಟ್ರ ಹಾಗೇ ಅನ್ನಿ.

ಮೊದಲ ವರ್ಷ ನಾನು ಪ್ರ್ಯಾಕ್ಟೀಸ್ ನೋಡಲು ಹೋದಾಗ ಹೆಡ್ ಕೋಚ್ ಯಾರು ಅಂತಲೇ ಗೊತ್ತಾಗಲಿಲ್ಲ. ಒಬ್ಬರು ಟೋಪಿ ಹಾಕಿಕೊಂಡು, ಕೈಯಲ್ಲಿ ಮಡಿಸಿದ ಒಂದು ಹಾಳೆ ಹಿಡಿದುಕೊಂಡು, ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಸುಮ್ನೆ ಓಡಾಡುತ್ತಿದ್ದರು. ಕೊರಳಲ್ಲಿ ವಿಸಲ್ ಕೂಡ ಇಲ್ಲ. ಯಾರೋ ಪೋಷಕರು ಇರಬೇಕು ಅಂದುಕೊಂಡೆ. ಆ ಹಾಳೆಯಲ್ಲಿ ಐದೈದು ನಿಮಿಷದ ಲೆಕ್ಕದಲ್ಲಿ ಯಾವ ಗುಂಪು ಎಲ್ಲಿ, ಏನು, ಯಾರು ಮಾಡಿಸುತ್ತಾರೆ ಅಂತ ಬರೆದಿರುತ್ತದೆ. ಹಾರ್ನ್ ಆದ ತಕ್ಷಣ ಎಲ್ಲರೂ ಜಾಗ ಬದಲಿಸುತ್ತಾರೆ. ಆ ಹಾಳೆಯನ್ನು ಹಿಂದಿನ ದಿನ ಎಲ್ಲ ಕೋಚ್‌ಗಳೂ ಕೂತು ಬರೆದಿರುತ್ತಾರೆ, ರಾತ್ರಿ ಹನ್ನೊಂದಕ್ಕೆ ಒಬ್ಬರು ಬರೆದು ವಾಟ್ಸಾಪಿಗೆ ಎಸೆಯುವುದಿಲ್ಲ. ತಪ್ಪು ತಿಳಿಯಬೇಡಿ.

ಒಂದು ಸಲ ಒಬ್ಬ ಎಳೆಯ ಕೋಚ್ ಹುಡುಗರಿಗೆ ಏನೋ ಉಲ್ಟಾ ಹೇಳಿಕೊಡುತ್ತಿದ್ದರು ಅಂತ ಕಾಣುತ್ತದೆ. ಟೋಪಿಯವರು ಹತ್ತಿರ ಹೋದರು, ನಿಂತರು, ನೋಡಿದರು, ಏನೂ ಅನ್ನಲಿಲ್ಲ. ನೀರಿನ ಬ್ರೇಕ್ ಆದಾಗ ಆ ಕೋಚ್ ಹೆಗಲ ಮೇಲೆ ಕೈ ಹಾಕಿ ಬೇಲಿ ಕಡೆ ಕರೆದುಕೊಂಡು ಹೋದರು. ಬ್ರೇಕ್ ಮುಗಿದ ಮೇಲೆ ಹುಡುಗರಿಗೆ ಸರಿಯಾದದ್ದನ್ನು ಹೇಳಿದ್ದು ಅದೇ ಎಳೆಯ ಕೋಚ್. ಮಕ್ಕಳಿಗೆ ಏನು ನಡೆಯಿತು ಅಂತಲೇ ತಿಳಿಯಲಿಲ್ಲ.

ಮ್ಯಾಚಿನ ದಿನ ಇನ್ನೂ ಮಜಾ. ಒಂದು ಆಟ, ಅಂದರೆ ಒಂದು ಸಲದ ನುಗ್ಗಾಟ, ಮುಗಿದು ಇನ್ನೊಂದು ಶುರುವಾಗುವುದಕ್ಕೆ ಸಿಗುವುದು ಅರ್ಧ ನಿಮಿಷದ ಆಸುಪಾಸು. ಇಲ್ಲಿನ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಂತೂ 40 ಸೆಕೆಂಡ್, ಅದರಲ್ಲೂ 15 ಸೆಕೆಂಡ್ ಉಳಿದಾಗ ಆಟಗಾರನ ಹೆಲ್ಮೆಟ್ಟಿನ ಒಳಗಿನ ರೇಡಿಯೋ ತಾನಾಗಿ ಬಂದ್ ಆಗುತ್ತದೆ. ಚರ್ಚೆಗೆ ಸಮಯವೇ ಇಲ್ಲ. ಹಾಗಾಗಿ ಯಾವ ಪ್ರಶ್ನೆಗೆ ಯಾರ ಉತ್ತರ ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಯಾವ ಆಟ ಆಡಬೇಕು ಅನ್ನುವುದು ಕೋಆರ್ಡಿನೇಟರ್‌ದು. ಟೈಮ್ ಔಟ್ ಯಾವಾಗ, ನಾಲ್ಕನೇ ಪ್ರಯತ್ನದಲ್ಲಿ ನುಗ್ಗಬೇಕಾ ಅಥವಾ ಬಾಲ್ ಒದ್ದು ದೂರ ಕಳಿಸಬೇಕಾ ಅನ್ನುವುದು ಹೆಡ್ ಕೋಚ್‌ದು.

ಇನ್ನೊಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ಕಾನ್ಸಾಸ್ ಸಿಟಿ ಚೀಫ್ಸ್ ಟೀಮಿನ ಆಂಡಿ ರೀಡ್, ಈ ಕಾಲದ ದೊಡ್ಡ ಕೋಚ್. 2017ರಲ್ಲಿ ಮೊದಲ 5 ಮ್ಯಾಚ್ ಗೆದ್ದು, ಆಮೇಲೆ ಸೋಲುತ್ತಾ ಸೋಲುತ್ತಾ ಆರು ಗೆಲುವು ಆರು ಸೋಲಿಗೆ ಬಂದರು. ಆ ಸೋಲುಗಳ ನಡುವೆಯೇ ಆಟ ಆರಿಸುವ ಕೆಲಸವನ್ನು, ಅದು ಅವರ ಪ್ರಾಣ, ಅಸಿಸ್ಟೆಂಟ್ ಮ್ಯಾಟ್ ನ್ಯಾಗಿ ಕೈಗೆ ಕೊಟ್ಟರು. ಕೊಟ್ಟ ಮೊದಲ ಮ್ಯಾಚೂ ಸೋತರು, 31 ಪಾಯಿಂಟ್ ಹೊಡೆದೂ ಸೋತರು. ಆದರೂ ವಾಪಸ್ ಕಿತ್ತುಕೊಳ್ಳಲಿಲ್ಲ. ಉಳಿದ ನಾಲ್ಕಕ್ಕೆ ನಾಲ್ಕೂ ಗೆದ್ದರು. ನ್ಯಾಗಿ ಮರು ವರ್ಷ ಚಿಕಾಗೋಗೆ ಹೆಡ್ ಕೋಚ್ ಆಗಿ ಹೋದರು. ನನಗೆ ಇಷ್ಟವಾದದ್ದು ಆ ಸೋತ ಮೊದಲ ಮ್ಯಾಚ್. ನಾವಾಗಿದ್ದರೆ ಅವತ್ತೇ ರಾತ್ರಿ "ನೋಡ್ದಾ, ನಾನ್ ಹೇಳ್ಲಿಲ್ವಾ" ಅಂತಿದ್ದೆವು, ಅಲ್ವಾ?


ಬೆಂಚಿನ ಮೂಲೆ:

ಇಲ್ಲಿ ಎಲ್ಲರೂ ಹೆಡ್ ಕೋಚ್ ಕಡೆಯಿಂದಲೇ ಮಾತಾಡುತ್ತಿದ್ದೀರಿ. ನಾನು ಅಸಿಸ್ಟೆಂಟ್, ಮಂಗಳೂರಿನ ಕಡೆ ಹುಡುಗಿಯರ ಟೀಮಿಗೆ. ಐದು ವರ್ಷದಲ್ಲಿ ಇಬ್ಬರು ಹೆಡ್ ಕೋಚ್ ನೋಡಿದ್ದೇನೆ.

ಮೊದಲನೆಯವರು ಒಳ್ಳೆಯವರೇ. ಆದರೆ ನನಗೆ ಕೊಟ್ಟ ಕೆಲಸ ಎರಡೇ. ನೀರಿನ ಬಾಟಲಿ, ಮತ್ತೆ "ಹುಡುಗಿಯರ ವಿಷಯ ನೀನು ನೋಡ್ಕೋ". ಹುಡುಗಿಯರ ವಿಷಯ ಅಂದರೆ ಯಾರಿಗೆ ಹೊಟ್ಟೆನೋವು, ಯಾರ ಮನೆಯಲ್ಲಿ ಕಳಿಸುವುದಿಲ್ಲ ಅನ್ನುತ್ತಿದ್ದಾರೆ, ಅಷ್ಟೇ. ಅವರು ಹೇಗೆ ಆಡಬೇಕು ಅನ್ನುವುದು ಹುಡುಗಿಯರ ವಿಷಯ ಆಗಿರಲಿಲ್ಲ. ಎರಡು ಸೀಸನ್ ಬೆಂಚಿನ ಮೂಲೆಯಲ್ಲಿ ಕೂತು ಈ ಹೆಸರು ಇಟ್ಟುಕೊಂಡೆ.

ಎರಡನೆಯವರು ಬಂದ ಮೊದಲ ವಾರವೇ, ಕಾರ್ನರ್ ಮತ್ತೆ ಫ್ರೀ ಕಿಕ್ ನಿನಗೆ, ಪ್ರತೀ ಗುರುವಾರ ಇಪ್ಪತ್ತು ನಿಮಿಷ, ನಾನು ಮಧ್ಯೆ ಬರುವುದಿಲ್ಲ ಅಂದರು. ನಿಜವಾಗಿಯೂ ಬರಲಿಲ್ಲ. ಗೆರೆಯ ಆಚೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು, ಕೈ ಬಿಗಿಯಾಗಿ ಹಿಡಿದುಕೊಂಡಿರುವುದು ನನಗೆ ಕಾಣುತ್ತಿತ್ತು, ಪಾಪ. ಮೊದಲ ಮ್ಯಾಚಿನಲ್ಲೇ ಕಾರ್ನರ್‌ನಿಂದ ಎರಡು ಗೋಲು ಬಿಟ್ಟೆವು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಹುಡುಗಿಯರ ಮುಂದೆ "ಆ ಎರಡು ಗೋಲು ನನ್ನ ಲೆಕ್ಕಕ್ಕೆ ಹಾಕ್ಕೊಳ್ಳಿ" ಅಂದು ಬೇರೆ ಮಾತಿಗೆ ಹೋದರು.

ಸಂಜೆ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ಪ್ಲೇಟ್ ಗೋಳಿಬಜೆ ಹೇಳಿದರು. ಬಂದ ಕೂಡಲೇ ಆರು ಗೋಳಿಬಜೆ ಟೇಬಲ್ ಮೇಲೆ ಸಾಲಾಗಿ ಇಟ್ಟು, ಚಟ್ನಿ ಬಟ್ಟಲನ್ನು ಗೋಲ್ ಮಾಡಿ, "ಈಗ ಹೇಳು, ಇವಳು ಇಲ್ಲಿ ಯಾಕೆ ನಿಂತಿದ್ದಳು?" ಅಂತ ಕೇಳಿದರು. ಹೇಳಿದೆ. ಹತ್ತಿರದ ಕಂಬದ ಪಕ್ಕ ನಿಂತವಳ ಮುಂದೆ ಯಾರೂ ಇಲ್ಲ ಅಂತ ನನಗೇ ಆಗ ಹೊಳೆಯಿತು. ಅವರು ಆ ಗೋಳಿಬಜೆ ಎತ್ತಿ ಬಾಯಿಗೆ ಹಾಕಿಕೊಂಡು "ಸರಿ, ಬರುವ ಗುರುವಾರ ಸರಿ ಮಾಡು" ಅಂದರು. ಬೈಗುಳ ಅಷ್ಟೇ. ಆ ಸೀಸನ್ ಮುಗಿಯುವವರೆಗೆ ಕಾರ್ನರ್‌ನಿಂದ ಮತ್ತೆ ಒಂದೇ ಗೋಲು ಬಿಟ್ಟದ್ದು.

ದೊಡ್ಡವರ ಆಟ ನೋಡುವಾಗಲೂ ಇದನ್ನು ಗಮನಿಸಿ. ಇಂಗ್ಲೆಂಡಿನ ಆರ್ಸೆನಲ್ ಮ್ಯಾಚಿನಲ್ಲಿ ಕಾರ್ನರ್ ಸಿಕ್ಕ ಕೂಡಲೇ ಕಾರ್ನರ್, ಫ್ರೀ ಕಿಕ್ ನೋಡಿಕೊಳ್ಳುವ ಕೋಚ್ ನಿಕೋಲಾ ಜೋವರ್ ಎದ್ದು ಗೆರೆಯ ಹತ್ತಿರ ಬರುತ್ತಾರೆ, ಹೆಡ್ ಕೋಚ್ ಅರ್ಟೆಟಾ ಹಿಂದೆ ಸರಿಯುತ್ತಾರೆ. ಅರ್ಟೆಟಾ ತಾವೂ ಮ್ಯಾಂಚೆಸ್ಟರ್ ಸಿಟಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕೋಚ್ ಗಾರ್ಡಿಯೊಲಾ ಪಕ್ಕದಲ್ಲಿ ಅಸಿಸ್ಟೆಂಟ್ ಆಗಿದ್ದವರು, ಆ ಕುರ್ಚಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. ಆಲ್ಬರ್ಟ್ ರೋಕಾ ಕೋಚ್ ಆಗಿದ್ದಾಗ 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದರಲ್ಲ, ಅವರ ಅಸಿಸ್ಟೆಂಟ್ ಕಾರ್ಲೆಸ್ ಕ್ವಾದ್ರಾತ್. ರೋಕಾ 2018ರಲ್ಲಿ ಹೋದಾಗ ಕ್ಲಬ್ಬಿನವರು ಹೊರಗೆ ಹುಡುಕಲಿಲ್ಲ, ಅವರನ್ನೇ ಹೆಡ್ ಕೋಚ್ ಮಾಡಿದರು. 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆದ್ದರು. ಫೈನಲ್‌ನಲ್ಲಿ ಗೋವಾ ಮೇಲೆ ಎಕ್ಸ್‌ಟ್ರಾ ಟೈಮಿನಲ್ಲಿ ಬಂದ ಆ ಒಂದೇ ಒಂದು ಗೋಲು ಯಾವುದರಿಂದ ಬಂತು ನೆನಪಿದೆಯಾ? ಕಾರ್ನರ್. ದಿಮಾಸ್ ಎತ್ತಿದ ಬಾಲ್, ರಾಹುಲ್ ಭೇಕೆ ತಲೆ.

ಎಡಗಾಲಿನವರೇ, ಆ ಹುಡುಗನಿಗೆ ಮೆಸೇಜಿನಲ್ಲಿ ಉತ್ತರ ಕೊಡಬೇಡಿ. ಎದುರು ಕೂತು ಮಾತಾಡಿ.


ಗೌತಮಪುರ ಗಲ್ಲಿ:

ನನಗೆ ಇಷ್ಟೆಲ್ಲ ಒಪ್ಪಿಗೆ ಇಲ್ಲ. ನಾನು ಬೆಳೆದದ್ದು ಹಲಸೂರಿನ ಪಕ್ಕ, ಪೆಲೆ ಪ್ರತಿಮೆ ಇರುವ ಬೀದಿಯಲ್ಲಿ, ಚಿಕ್ಕ ಹುಡುಗರಿಗೇ ಹೇಳಿಕೊಡುವುದು. ಹದಿಮೂರು ಹದಿನಾಲ್ಕರ ಹುಡುಗರಿಗೆ ನಾಲ್ಕು ಕೋಚ್ ನಾಲ್ಕು ವಿಷಯ ಹೇಳಿದರೆ ತಲೆ ಕೆಡುತ್ತದೆ. ಆ ಲೆಫ್ಟ್ ಬ್ಯಾಕ್ ಕೇಳಿದ ಪ್ರಶ್ನೆಯೇ ಸಾಕ್ಷಿ. ಆಟದ ನಿಯಮದಲ್ಲೇ ಇದೆ, ಟೆಕ್ನಿಕಲ್ ಏರಿಯಾದಿಂದ, ಅಂದರೆ ಬೆಂಚಿನ ಮುಂದೆ ಕೋಚ್‌ಗಳು ನಿಲ್ಲುವ ಜಾಗದಿಂದ, ಒಂದು ಸಲಕ್ಕೆ ಒಬ್ಬರು ಮಾತ್ರ ಆಟಗಾರರಿಗೆ ಸೂಚನೆ ಕೊಡಬಹುದು. ನೀವು ಮೂವರೂ ಒಟ್ಟಿಗೆ ಕಿರುಚಿದ್ದೇ ನಿಯಮಕ್ಕೆ ವಿರುದ್ಧ. 2019ರಿಂದ ಬೆಂಚಿನಲ್ಲಿ ಯಾರು ತಪ್ಪು ಮಾಡಿದರು ಅಂತ ರೆಫರಿಗೆ ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ಕಾರ್ಡ್. ಅಂಕಲ್ ಬೈದರೂ ಹಳದಿ ನಿಮಗೆ.

ಭಾರತ ಟೀಮಿನ ಕೋಚ್ ಆಗಿದ್ದ ರಹೀಮ್ ಸಾಬ್ ಅವರನ್ನು ನೋಡಿ. ಹೈದರಾಬಾದಿನ ಮೇಷ್ಟ್ರು, 1951 ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾ ಮೇಲೆ ಫೈನಲ್ ಗೆದ್ದಾಗ ಮೈಯಲ್ಲಿ ಕ್ಯಾನ್ಸರ್ ಇತ್ತು. ತಲೆಗೆ ಪೆಟ್ಟು ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಫಾರ್ವರ್ಡ್ ಆಡಿಸಿ ಗೋಲು ಹೊಡೆಸಿದ ತಲೆ ಅದು. ಇವತ್ತಿನ ಹಾಗೆ ಡಜನ್ ಜನರ ಸ್ಟಾಫ್ ಎಲ್ಲಿತ್ತು?

ಇನ್ನೊಂದು ಮಾತು, ಯಾರೂ ಕೇಳಲಿಲ್ಲ ಅಂತ ಕೇಳುತ್ತೇನೆ. ಆ ಮೂವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ? ಪೆಟ್ರೋಲ್ ಖರ್ಚು ಕೊಟ್ಟು, ಅದೂ ಎರಡು ತಿಂಗಳಿಗೊಮ್ಮೆ ಕೊಟ್ಟು, ಜವಾಬ್ದಾರಿ ತಗೋ ಅಂದರೆ ಯಾರು ತಗೋತಾರೆ?


ಹಳೇ ಸ್ಟಾಪರ್:

ಗೌತಮಪುರದವರೇ, ಮ್ಯಾಚಿನ ದಿನ ಒಂದೇ ಬಾಯಿ ಅನ್ನುವುದಕ್ಕೆ ನನ್ನದೂ ಜೈ. ಆದರೆ ಬಾಯಿ ಒಂದಿರಲಿ, ತಲೆ ಒಂದೇ ಯಾಕೆ? ರಹೀಮ್ ಸಾಬ್ ಅಂಥವರು ನೂರು ವರ್ಷಕ್ಕೆ ಒಬ್ಬರು. ನಾವು ನೀವು ಆ ಲೆಕ್ಕದಲ್ಲಿಲ್ಲ.

ಒಬ್ಬರ ಮೇಲೆ ಪೂರ್ತಿ ಒರಗಿಕೊಂಡರೆ ಅವರು ಹೋದಾಗ ಏನು ಅನ್ನುವ ಭಯವೂ ನಿಜ. ಲಿವರ್‌ಪೂಲ್ ಕೋಚ್ ಆಗಿದ್ದ ಕ್ಲಾಪ್ ಜೊತೆ ಜರ್ಮನಿಯ ಮೈಂಜ್ ಕ್ಲಬ್ಬಿನಿಂದಲೂ ಇದ್ದ ಅಸಿಸ್ಟೆಂಟ್ ಜೆಲ್ಕೊ ಬುವಾಚ್, ಟೀಮಿನ ಮೆದುಳು ಅಂತಲೇ ಹೆಸರಾದವರು, 2018ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡು ಮ್ಯಾಚುಗಳ ನಡುವೆ ಎದ್ದು ಹೋದರು. ಎಲ್ಲರೂ ಕಥೆ ಮುಗಿಯಿತು ಅಂದರು. ಲಿವರ್‌ಪೂಲ್ ಆ ವರ್ಷ ಫೈನಲ್ ಸೋತಿತು, ಮರು ವರ್ಷ ಅದೇ ಕಪ್ ಗೆದ್ದಿತು. ಮೆದುಳಿನ ಕೆಲಸ ಕ್ರಾವೀಟ್ಜ್, ಲೈಂಡರ್ಸ್ ಅನ್ನುವ ಇಬ್ಬರು ಅಸಿಸ್ಟೆಂಟ್‌ಗಳಿಗೆ ಹಂಚಿಹೋಗಿತ್ತು.

ದುಡ್ಡಿನ ಪ್ರಶ್ನೆ ಸರಿಯಾಗಿ ಕೇಳಿದಿರಿ. ಎಡಗಾಲಿನವರು ಅದಕ್ಕೆ ಉತ್ತರ ಕೊಡಲಿ.


ಎಡಗಾಲಿನವ:

ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ದುಡ್ಡು. ಗೌತಮಪುರದವರು ಹೇಳಿದ ಪೆಟ್ರೋಲ್ ಖರ್ಚಿನ ಮಾತು ಚುಚ್ಚಿತು, ಯಾಕೆಂದರೆ ಹೆಚ್ಚುಕಡಿಮೆ ಅದೇ ನಿಜ. ಪಿಟಿ ಮೇಷ್ಟ್ರಿಗೆ ಎರಡು ತಿಂಗಳದ್ದು ಬಾಕಿ ಇತ್ತು, ನನಗೆ ಗೊತ್ತೂ ಇರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಕ್ಲಬ್ಬಿನವರ ಹತ್ತಿರ ಜಗಳ ಮಾಡಿ ಕೊಡಿಸಿದೆ. ಮುಂದಿನ ತಿಂಗಳು ಮತ್ತೆ ಜಗಳ ಮಾಡಬೇಕು ಅಂತ ಗೊತ್ತಿದೆ.

ಆಮೇಲೆ ಮೂವರನ್ನೂ ಗ್ರೌಂಡ್ ಪಕ್ಕದ ದರ್ಶಿನಿಗೆ ಕರೆದುಕೊಂಡು ಹೋದೆ. ಗೋಳಿಬಜೆ ಇರಲಿಲ್ಲ, ಇಡ್ಲಿ ವಡೆ. ಬಿಲ್ಲಿನ ಹಿಂದೆ ಬರೆದೆವು. ಕಾರ್ನರ್, ಫ್ರೀ ಕಿಕ್, ನಮ್ಮದೂ ಎದುರಾಳಿಯದ್ದೂ, ಹುಡುಗನಿಗೆ. ಕೀಪರ್‌ಗಳು ಪೂರ್ತಿ ಅಂಕಲ್‌ಗೆ, ಭಾನುವಾರ ಯಾರು ಅನ್ನುವುದಕ್ಕೆ ಮೊದಲ ಮಾತೂ ಅವರದ್ದೇ. ವಾರ್ಮ್ ಅಪ್ ಮತ್ತು ಯಾರು ಆಡುವ ಸ್ಥಿತಿಯಲ್ಲಿದ್ದಾರೆ ಅನ್ನುವುದು ಮೇಷ್ಟ್ರದು, ಅವರು ಬೇಡ ಅಂದರೆ ಆ ಆಟಗಾರ ಆಡುವುದಿಲ್ಲ, ನಾನು ಎಷ್ಟೇ ಬೇಡಿಕೊಂಡರೂ. ಲೈನ್ ಅಪ್, ಸಬ್, ಹಾಫ್ ಟೈಮ್ ಮಾತು ನನ್ನದು. ಹಾಫ್ ಟೈಮಿನಲ್ಲಿ ಮೊದಲ ಮೂರು ನಿಮಿಷ ಹುಡುಗರು ನೀರು ಕುಡಿಯುತ್ತಾರೆ, ನಾವು ನಾಲ್ವರು ಬಾಗಿಲ ಆಚೆ ಮಾತಾಡುತ್ತೇವೆ, ಆಮೇಲೆ ಒಳಗೆ ನಾನೊಬ್ಬನೇ ಬಾಯಿ ಬಿಡುವುದು.

ಅಂಕಲ್ ಅವತ್ತು "ನೀ ಹೇಳಿದ್ರೆ ಸಾಕಪ್ಪಾ, ಇದಕ್ಕೆಲ್ಲ ಮೀಟಿಂಗ್ ಯಾಕೆ" ಅಂತ ಕಾಫಿ ಆರಿಸಿಕೊಳ್ಳುತ್ತಾ ಕೂತಿದ್ದರು. ಮಾರನೇ ದಿನ ಬೆಳಿಗ್ಗೆ ನನಗಿಂತ ಮುಂಚೆ ಗ್ರೌಂಡಿಗೆ ಬಂದಿದ್ದರು, ಕಂಕುಳಲ್ಲಿ ಹೊಸ ಲಾಂಗ್ ನೋಟ್‌ಬುಕ್, ಮೂವರು ಕೀಪರ್‌ಗಳ ಹೆಸರಿಗೆ ಮೂರು ಭಾಗ ಮಾಡಿ ಗೆರೆ ಎಳೆದಿದ್ದಾರೆ. ಕೇಳಬೇಡಿ, ಗಂಟಲು ಕಟ್ಟಿತು.

ಹಾಗಂತ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಎರಡು ಸಲ ಮಧ್ಯೆ ಬಾಯಿ ಹಾಕಿದೆ. ಒಂದು ಸಲ ಹುಡುಗ ನನ್ನ ಕಡೆ ತಿರುಗಿ ಸುಮ್ನೆ ನೋಡಿದ, ಅಷ್ಟಕ್ಕೇ ನಾನು ಪಕ್ಕದ ಗೋಲ್ ಹತ್ತಿರ ನೆಟ್ ಕಟ್ಟಲು ಹೋದೆ. ನೆಟ್ ಸರಿಯಾಗೇ ಇತ್ತು.

ಹೋದ ಭಾನುವಾರ ಎದುರಾಳಿಗೆ ಏಳು ಕಾರ್ನರ್ ಸಿಕ್ಕವು, ಎಣಿಸುತ್ತಿದ್ದೆ. ಪ್ರತೀ ಸಲ ಹುಡುಗ ಎದ್ದು ಗೆರೆ ಹತ್ತಿರ ಹೋದ, ನಾನು ಹಿಂದೆ ಬಂದು ನೀರಿನ ಬಾಟಲಿ ಹಿಸುಕುತ್ತಾ ಕೂತೆ. ಏಳರಲ್ಲಿ ಒಂದೂ ಗೋಲ್ ಆಗಲಿಲ್ಲ. ಲೆಫ್ಟ್ ಬ್ಯಾಕ್ ಒಂದು ಸಲವೂ ಬೆಂಚ್ ಕಡೆ ನೋಡಲಿಲ್ಲ. 1-0 ಗೆಲ್ಲುತ್ತಿದ್ದೆವು. 84ನೇ ನಿಮಿಷಕ್ಕೆ ಉದ್ದನೆಯ ಥ್ರೋ ಇನ್ ಒಂದು ಪೆಟ್ಟಿಗೆಯೊಳಗೆ ಬಿತ್ತು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಗೋಲ್. 1-1. ಬಿಲ್ಲಿನ ಹಿಂದೆ ಥ್ರೋ ಇನ್ ಬರೆದೇ ಇರಲಿಲ್ಲ. 2018ರಲ್ಲಿ ಲಿವರ್‌ಪೂಲ್‌ನವರು ಥ್ರೋ ಇನ್‌ಗೇ ಅಂತ ಡೆನ್ಮಾರ್ಕಿನಿಂದ ಒಬ್ಬ ಕೋಚ್ ಕರೆಸಿದಾಗ ಬಿದ್ದು ಬಿದ್ದು ನಕ್ಕವರಲ್ಲಿ ನಾನೂ ಒಬ್ಬ.

ಈಗ ಅದನ್ನು ಯಾರಿಗೆ ಕೊಡಲಿ ಹೇಳಿ. ಮೇಷ್ಟ್ರು ತಾವು ಹ್ಯಾಂಡ್‌ಬಾಲ್ ಆಡಿದವರು, ನನಗೇ ಕೊಡಿ ಅನ್ನುತ್ತಿದ್ದಾರೆ.


ಮಿಡ್‌ಫೀಲ್ಡ್ ಮಾರಾಯ:

ಥ್ರೋ ಇನ್‌ಗೆ ನಮ್ಮ ಪ್ರೆಸಿಡೆಂಟರ ಬಾಮೈದನನ್ನು ಕಳಿಸಲಾ? ಶನಿವಾರ ರಾತ್ರಿ ಒಂದು ಬಿಟ್ಟರೆ ವಾರವೆಲ್ಲ ಖಾಲಿ ಇರುತ್ತಾನೆ.